ಸ್ಪಾರ್ಕ್ ಪ್ಲಗ್ ಕೊಳ್ಳುವಾಗ ಮೊದಲು ಕೋಡ್, ಆಮೇಲೆ ಕಂಪನಿ

ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬೇಕಾದಾಗ ಅಂಗಡಿಗೆ ಹೋಗಿ ‘ಒಳ್ಳೇ ಪ್ಲಗ್ ಕೊಡಿ’ ಎಂದು ನಾನು ಕೇಳುವುದಿಲ್ಲ. ಗಾಡಿಯ ಮ್ಯಾನುವಲ್‌ನಲ್ಲಿರುವ ಕೋಡನ್ನು ಬರೆದುಕೊಂಡು ಹೋಗುತ್ತೇನೆ. ಬಿಚ್ಚಿದ ಪ್ಲಗ್ಗಿನ ನಂಬರನ್ನೇ ನಂಬುವಂತಿಲ್ಲ, ಹಿಂದೆ ಹಾಕಿದವರೇ ತಪ್ಪಿರಬಹುದು.

ಎನ್‌ಜಿಕೆ ಎಂಬ ಪ್ಲಗ್ ಕಂಪನಿಯ ಸಿಪಿಆರ್8ಇಎ-9 ಕೋಡ್ ನೋಡಿ. ‘ಸಿ’ ಎಂದರೆ ಥ್ರೆಡ್ 10 ಮಿ.ಮೀ., ಅದಕ್ಕೆ 16ರ ಸ್ಪ್ಯಾನರ್ ಬೇಕು. ‘ಪಿ’ ಇದ್ದರೆ ಪಿಂಗಾಣಿಯ ತುದಿ ಹೊರಚಾಚಿರುತ್ತದೆ, ‘ಆರ್’ ಇದ್ದರೆ ಒಳಗೆ ಕಿಡಿಯ ವಿದ್ಯುತ್ ಗದ್ದಲವನ್ನು ತಗ್ಗಿಸುವ ರೆಸಿಸ್ಟರ್ ಇರುತ್ತದೆ. 8 ಹೀಟ್ ರೇಂಜ್ (ಪ್ಲಗ್ ಎಷ್ಟು ಬೇಗ ಶಾಖ ಬಿಟ್ಟುಕೊಡುತ್ತದೆ ಎಂಬ ಅಂಕಿ), ‘ಇ’ 19 ಮಿ.ಮೀ. ಥ್ರೆಡ್ ಉದ್ದ, ಕೊನೆಯ 9 ಎಂದರೆ 0.9 ಮಿ.ಮೀ. ಗ್ಯಾಪ್, ಅಂದರೆ ಕಿಡಿ ಹಾರುವ ಸಂದು.

ಹೆಚ್ಚಿನವರು ಎಡವುವುದು ಹೀಟ್ ರೇಂಜ್‌ನಲ್ಲಿ. ಎನ್‌ಜಿಕೆ, ಡೆನ್ಸೊಗಳಲ್ಲಿ ಅಂಕಿ ಏರಿದಷ್ಟೂ ಪ್ಲಗ್ ‘ಕೋಲ್ಡ್’, ಅಂದರೆ ಶಾಖವನ್ನು ಬೇಗ ಬಿಟ್ಟುಕೊಟ್ಟು ತಣ್ಣಗಿರುತ್ತದೆ. ಬಾಷ್, ಚಾಂಪಿಯನ್‌ಗಳಲ್ಲಿ ಇದು ಪೂರ್ತಿ ಉಲ್ಟಾ. ಕಂಪನಿ ಬದಲಿಸಿದರೆ ಅಂಕಿ ಹೋಲಿಸಬೇಡಿ, ಆ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಗಾಡಿಗೇ ಹುಡುಕಿ. ಪ್ಲಗ್ಗಿನ ತುದಿ ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಅದಕ್ಕಿಂತ ತಣ್ಣಗಾದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ. ಮೀರಿ ಕಾದರೆ ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್ ಹತ್ತಿಕೊಂಡು ಪಿಸ್ಟನ್ ತೂತಾಗಬಹುದು. ಥ್ರೆಡ್ ಉದ್ದವೂ ಮುಖ್ಯ: 12.7 ಮಿ.ಮೀ. ಬೇಕಾದಲ್ಲಿ 19ರದು ಹಾಕಿದರೆ ಪಿಸ್ಟನ್ನಿಗೇ ತಾಗೀತು.

ನಕಲಿ ಮಾಲು ಎಲ್ಲೆಡೆ ಇದೆ, ಹಾಗಾಗಿ ಡಬ್ಬಿ ಬಿಚ್ಚಿಸಿ ನೋಡದೆ ದುಡ್ಡು ಕೊಡುವುದಿಲ್ಲ. ಪಿಂಗಾಣಿಯ ಮೇಲಿನ ಅಕ್ಷರ ಚೊಕ್ಕವಾಗಿರಬೇಕು. ಥ್ರೆಡ್ ಮೇಲೆ ಉಗುರು ಎಳೆದರೆ ಎಲ್ಲೂ ತರಚಬಾರದು. ಮೇಲಿನಿಂದ ನೋಡಿದಾಗ ಬಾಗಿದ ಎಲೆಕ್ಟ್ರೋಡ್ ನಡುವಿನ ತುದಿಯ ಮೇಲೆ ನೇರವಾಗಿ ಕೂತಿರಬೇಕು. ಎನ್‌ಜಿಕೆಯ ವಾಷರ್ ಕೈಯಲ್ಲಿ ತಿರುಗಿಸಿದರೆ ಕಳಚಿ ಬರುವುದಿಲ್ಲ, ಬಂದರೆ ಅನುಮಾನಿಸಿ. ‘ಆರ್’ ಇರುವ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 5 ಕಿಲೋ ಓಮ್ ತೋರಿಸಬೇಕು. ಸೊನ್ನೆ ಬಂದರೆ ಹೆಸರಿಗಷ್ಟೇ ‘ಆರ್’. ಅಂಥದ್ದು ಫ್ಯುಯೆಲ್ ಇಂಜೆಕ್ಷನ್ ಗಾಡಿಯ ಇಸಿಯುವಿಗೆ (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ) ಅಡ್ಡಿ ಮಾಡಬಹುದು.

ದುಬಾರಿಯಾದರೂ ಹೆಚ್ಚು ಬಾಳುವ ಇರಿಡಿಯಂ ತುದಿಯ ಪ್ಲಗ್ ಬೇಕೇ? ಬೈಕಿನಲ್ಲಿ ಐದು ನಿಮಿಷಕ್ಕೆ ಬಿಚ್ಚುವ ಪ್ಲಗ್ಗಿಗೆ ಸಾದಾ ನಿಕ್ಕಲ್ ಸಾಕು, ಸುಮಾರು 10,000 ಕಿ.ಮೀ.ಗೆ ಬದಲಿಸುತ್ತೇನೆ. ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳು) ಬಿಚ್ಚಿಯೇ ಕೈ ಹಾಕಬೇಕಾದ ಕಾರಿಗೆ ಇರಿಡಿಯಂ ದುಡ್ಡು ದಂಡವಲ್ಲ. ಗಾಡಿಯ ಕಂಪನಿಯೇ ಇರಿಡಿಯಂ ಹೇಳಿದ್ದರೆ ನಿಕ್ಕಲ್‌ಗೆ ಇಳಿಯಬೇಡಿ. ಕೆಲವು ಪಲ್ಸರ್ ಬೈಕುಗಳಂತೆ ಎರಡು ಪ್ಲಗ್ಗಿನ ಎಂಜಿನ್ ಇದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ಹಾಕುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ಹಳೇ ಪ್ಲಗ್ ತೆಗೆಯುವ ಮುಂಚೆ ಸುತ್ತಲ ಮಣ್ಣು ಊದಿ, ಇಲ್ಲದಿದ್ದರೆ ಅದು ಸಿಲಿಂಡರಿಗೇ ಬೀಳುತ್ತದೆ. ಹೊಸದನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ. ನಡುವೆ ಬಿಗಿಯಾದರೆ ಥ್ರೆಡ್ ಅಡ್ಡ ಹಿಡಿದಿದೆ ಎಂದರ್ಥ, ಹಿಂದಕ್ಕೆ ತಿರುಗಿಸಿ ಮತ್ತೆ ಶುರು ಮಾಡಿ. ವಾಷರ್ ಕೂತ ಮೇಲೆ 10 ಮಿ.ಮೀ. ಪ್ಲಗ್ಗಿಗೆ ಅರ್ಧ ಸುತ್ತು, ಟಾರ್ಕ್ ರೆಂಚ್ ಇದ್ದರೆ 10ರಿಂದ 12 ನ್ಯೂಟನ್ ಮೀಟರ್. ಒಮ್ಮೆ ಬಳಸಿದ ಪ್ಲಗ್ಗಿನ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಸುತ್ತಿನ ಹನ್ನೆರಡನೇ ಒಂದು ಪಾಲು ಸಾಕು. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಬಂದರೆ ರಿಪೇರಿ ಖರ್ಚು ಪ್ಲಗ್ಗಿನ ಬೆಲೆಯ ಎಷ್ಟೋ ಪಟ್ಟು. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ಗನ್ನು ಹಾಕುವುದೇ ಇಲ್ಲ, ಪಿಂಗಾಣಿಯ ಕೂದಲೆಳೆ ಬಿರುಕು ಕಣ್ಣಿಗೆ ಕಾಣದು.

ಒಂದು ಸಾವಿರ ಕಿ.ಮೀ. ಓಡಿಸಿ ಬಿಚ್ಚಿ ನೋಡಿ. ತುದಿ ತೆಳು ಕಂದಾಗಿದ್ದರೆ ಆಯ್ಕೆ ಸರಿಯಾಗಿದೆ. ಒಣ ಕಪ್ಪು ಮಸಿ ಇದ್ದರೆ ಪ್ಲಗ್ಗನ್ನು ಬೈಯುವ ಮುಂಚೆ ಏರ್ ಫಿಲ್ಟರ್ ನೋಡಿ. ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಅದನ್ನು ಯಾವ ಪ್ಲಗ್ಗೂ ಸರಿಮಾಡುವುದಿಲ್ಲ.