ಪ್ಲಾಂಕ್ಟನ್ ಬಲೆ: ನಾನು ಹೊಲಿದು, ಎಳೆದು, ಎಣಿಸುವ ಬಗೆ

ಪ್ಲಾಂಕ್ಟನ್ ಎಂದರೆ ನೀರಿನಲ್ಲಿ ತೇಲಿಕೊಂಡಿರುವ ಸಣ್ಣ ಜೀವಿಗಳು; ಅವನ್ನು ಸೋಸಿ ಹಿಡಿಯುವ, ಅಗಲ ಬಾಯಿಯ ಕಿರಿದಾದ ಬಾಲದ ಶಂಕುವಿನಾಕಾರದ ಬಲೆ ಇದು. ಬಟ್ಟೆಯಿಂದಲೇ ಶುರು ಮಾಡುತ್ತೇನೆ. ಈ ಕೆಲಸದಲ್ಲಿ ದುಡ್ಡು ಹಾಕಬೇಕಾದ್ದು ಅಲ್ಲಿ, ಸೂಕ್ಷ್ಮದರ್ಶಕದ ಮೇಲಲ್ಲ. ನೈಲಾನ್ ಕಾಲುಚೀಲ ಕತ್ತರಿಸಿಯೂ ಬಲೆ ಮಾಡಬಹುದು. ಮಕ್ಕಳಿಗೆ ತೋರಿಸಲು ಅಷ್ಟು ಸಾಕು. ಆದರೆ ಎಳೆದಾಗ ಅದರ ರಂಧ್ರ ಹಿಗ್ಗುತ್ತದೆ. ಏನು ಸಿಕ್ಕಿತು ಎಂದು ಹೇಳಬಹುದು, ಏನು ತಪ್ಪಿಸಿಕೊಂಡಿತು ಎಂದು ಹೇಳಲಾಗದು.

ನಾನು ಬಳಸುವುದು ಸ್ಕ್ರೀನ್ ಪ್ರಿಂಟಿಂಗಿನ ಪಾಲಿಯೆಸ್ಟರ್ ಜಾಲರಿ. ಅದರ ಮೇಲೆ 43-80 ಎಂದು ಬರೆದಿದ್ದರೆ ಒಂದು ಸೆಂಟಿಮೀಟರಿಗೆ 43 ಎಳೆ, ಪ್ರತಿ ಎಳೆಯ ದಪ್ಪ 80 ಮೈಕ್ರಾನ್ ಎಂದರ್ಥ. ಒಂದು ಸೆಂಟಿಮೀಟರ್ ಎಂದರೆ 10,000 ಮೈಕ್ರಾನ್, ಅದನ್ನು 43ರಿಂದ ಭಾಗಿಸಿದರೆ 232. ಅದರಲ್ಲಿ 80 ಕಳೆದರೆ ರಂಧ್ರ ಸುಮಾರು 152 ಮೈಕ್ರಾನ್. ಕೋಪೆಪಾಡ್ (ಸಿಗಡಿ ಜಾತಿಯ ಪುಟ್ಟ ಪ್ರಾಣಿ), ಏಡಿಮರಿ, ಮೀನಿನ ಮೊಟ್ಟೆ ಇದರಲ್ಲಿ ನಿಲ್ಲುತ್ತವೆ. ಡಯಾಟಮ್ ಎಂಬ ಏಕಕೋಶ ಪಾಚಿಗಳಲ್ಲಿ ಹೆಚ್ಚಿನವು ಸೋರಿಹೋಗುತ್ತವೆ. ಅವು ಬೇಕೆಂದರೆ 20 ಮೈಕ್ರಾನಿನ ಬೇರೆಯೇ ಬಲೆ ಬೇಕು. ಒಂದೇ ಬಲೆಯಲ್ಲಿ ಎರಡನ್ನೂ ಹಿಡಿಯಲು ಹೋದರೆ ಎರಡೂ ಕೆಡುತ್ತವೆ.

ಇನ್ನು ಮುಖ್ಯವಾದ ಲೆಕ್ಕ. ಬಟ್ಟೆಯಲ್ಲಿರುವ ರಂಧ್ರಗಳ ಒಟ್ಟು ವಿಸ್ತೀರ್ಣ ಬಲೆಯ ಬಾಯಿಯ ವಿಸ್ತೀರ್ಣದ ಮೂರು ಪಟ್ಟಾದರೂ ಇರಬೇಕು, ಐದು ಪಟ್ಟಿದ್ದರೆ ಇನ್ನೂ ಒಳ್ಳೆಯದು. ಕಡಿಮೆಯಾದರೆ ಒಳಬಂದ ನೀರು ಅಷ್ಟೇ ಬೇಗ ಹೊರಹೋಗದೆ ಬಾಯಿಯಲ್ಲೇ ಒತ್ತಿಕೊಂಡು ನಿಂತು, ಮುಂದಿರುವ ಜೀವಿಗಳನ್ನು ಪಕ್ಕಕ್ಕೆ ತಳ್ಳುತ್ತದೆ. 43-80 ಜಾಲರಿಯಲ್ಲಿ ತೆರೆದ ಭಾಗ (152/232)ರ ವರ್ಗ, ಅಂದರೆ ಶೇ. 43. ಬಾಯಿ 30 ಸೆಂ.ಮೀ., ಬಾಲ 5 ಸೆಂ.ಮೀ. ವ್ಯಾಸ, ಓರೆ ಉದ್ದ 100 ಸೆಂ.ಮೀ. ಇಟ್ಟರೆ ಬಟ್ಟೆ ಸುಮಾರು 5,500 ಚದರ ಸೆಂ.ಮೀ.; ಅದರ ಶೇ. 43 ಎಂದರೆ 2,350ರ ಆಸುಪಾಸು. ಬಾಯಿ 707. 3.3 ಪಟ್ಟು ಸಿಕ್ಕಿತು. ಇದೇ ಅಳತೆಗೆ 77-55ರಂಥ ಸಣ್ಣ ರಂಧ್ರದ ಜಾಲರಿ ಹಾಕಿದರೆ 2.6ಕ್ಕೆ ಇಳಿಯುತ್ತದೆ, ಆಗ ಉದ್ದವನ್ನು 130ಕ್ಕೆ ಏರಿಸುತ್ತೇನೆ.

ಕತ್ತರಿಸುವುದು ಸುಲಭ. ಒಂದೇ ಬಿಂದುವಿನಿಂದ 20 ಮತ್ತು 120 ಸೆಂ.ಮೀ. ತ್ರಿಜ್ಯದ ಎರಡು ಕಮಾನು ಎಳೆದು, ನಡುವೆ 45 ಡಿಗ್ರಿ ಕೋನ ಇಟ್ಟರೆ ಮೇಲೆ ಹೇಳಿದ ಶಂಕು ಬಿಚ್ಚಿಟ್ಟ ಆಕಾರವೇ ಬರುತ್ತದೆ. ಎರಡು ನೇರ ಅಂಚಿಗೂ 2 ಸೆಂ.ಮೀ. ಹೊಲಿಗೆಗೆ ಬಿಡಿ. 1.2 ಮೀಟರ್ ಚದರದ ತುಂಡು ಸಾಕು. ಮೊದಲು ಹಳೆಯ ಪೇಪರ್ ಅಂಟಿಸಿ ನಮೂನೆ ಮಾಡಿಕೊಳ್ಳಿ, ಈ ಬಟ್ಟೆ ಜಾರುತ್ತದೆ. ತೆಳು ಸೂಜಿ, ಪಾಲಿಯೆಸ್ಟರ್ ದಾರ, ಅಂಚು ಮಡಚಿ ಎರಡು ಸಾಲು ಹೊಲಿಗೆ, ಮಡಿಕೆ ಹೊರಗಿರಲಿ. ಒಳಗಿದ್ದರೆ ಜೀವಿಗಳು ಅಲ್ಲಿ ಸಿಕ್ಕಿಕೊಂಡು ಮುಂದಿನ ಮಾದರಿಯಲ್ಲಿ ಎದ್ದು ಬರುತ್ತವೆ. ಸೂಜಿಯ ತೂತು ಜಾಲರಿಯ ರಂಧ್ರಕ್ಕಿಂತ ದೊಡ್ಡದು, ಹಾಗಾಗಿ ಹೊಲಿಗೆಯ ಮೇಲೆ ತೆಳ್ಳಗೆ ಸಿಲಿಕೋನ್ ಸವರುತ್ತೇನೆ.

ಬಾಯಿಗೆ 10 ಸೆಂ.ಮೀ. ಅಗಲದ ಕ್ಯಾನ್ವಾಸ್ ಪಟ್ಟಿ, ಅದರೊಳಗೆ 6 ಮಿ.ಮೀ. ಸ್ಟೇನ್‌ಲೆಸ್ ಸರಳಿನ ಬಳೆ. ನೀರಾವರಿ ಪೈಪಿನ ಬಳೆಯೂ ಆಗುತ್ತದೆ, ಆದರೆ ಒಳಗಿನ ಗಾಳಿ ಬಲೆಯನ್ನು ತೇಲಿಸುತ್ತದೆ, ಮರಳು ತುಂಬಿ. ಬಳೆಗೆ ಸಮ ಅಂತರದಲ್ಲಿ ಮೂರು ಹಗ್ಗ ಕಟ್ಟಿ, ಅವು ಸೇರುವಲ್ಲಿ ಸ್ವಿವೆಲ್ (ಸುತ್ತ ತಿರುಗುವ ಕೊಂಡಿ) ಹಾಕಬೇಕು. ಅದಿಲ್ಲದಿದ್ದರೆ ಬಲೆ ತಿರುಗಿ ಹಗ್ಗ ಹುರಿಗಟ್ಟುತ್ತದೆ.

ಬಾಲಕ್ಕೆ 5 ಸೆಂ.ಮೀ. ವ್ಯಾಸದ ಪಿವಿಸಿ ಪೈಪಿನ ತುಂಡು, ತಳಕ್ಕೆ ಬಿಗಿ ಮುಚ್ಚಳ. ಪೈಪಿನ ಪಕ್ಕದಲ್ಲಿ ಎರಡು ಕಿಂಡಿ ಕೊರೆದು ಅದೇ ಜಾಲರಿ ಅಂಟಿಸಿ, ತಳದಿಂದ 4 ಸೆಂ.ಮೀ. ಮುಚ್ಚಿಯೇ ಇರಲಿ, ಅಷ್ಟು ನೀರು ಉಳಿದರೆ ಜೀವಿಗಳು ಬದುಕುತ್ತವೆ. ಈ ಪೈಪಿನ ಭಾರ ಜಾಲರಿಯ ಮೇಲೆ ಬೀಳಕೂಡದು. ಬಳೆಯಿಂದ ಪೈಪಿಗೆ ಹೊರಗಡೆ ಮೂರು ದಾರ ಕಟ್ಟಿ ಭಾರವನ್ನು ಅವಕ್ಕೆ ಹೊರಿಸಿ.

ಎಳೆಯುವ ವೇಗ ಸೆಕೆಂಡಿಗೆ ಅರ್ಧದಿಂದ ಒಂದು ಮೀಟರ್, ನಿಧಾನ ನಡಿಗೆಯಷ್ಟು. ಜೋರಾದರೆ ಮೃದು ಜೀವಿಗಳು ಜಾಲರಿಗೆ ಅಪ್ಪಳಿಸಿ ಚಿಂದಿಯಾಗುತ್ತವೆ. ದೋಣಿಯಲ್ಲಿದ್ದರೆ ಜಿಪಿಎಸ್ ತೋರಿಸುವ ದೂರವನ್ನು ನಂಬಬೇಡಿ. ಅದು ನೆಲದ ಲೆಕ್ಕ. ನಮಗೆ ಬೇಕಾದ್ದು ನೀರಿನಲ್ಲಿ ಸಾಗಿದ ದೂರ, ಪ್ರವಾಹವಿದ್ದಾಗ ಎರಡೂ ಬೇರೆ. ದೋಣಿಯ ಮೂತಿಯ ಬಳಿ ಮರದ ಚೂರೊಂದನ್ನು ಹಾಕಿ, ಅದು ಹಿಂತುದಿ ದಾಟಲು ಹಿಡಿದ ಸಮಯ ನೋಡಿ. 6 ಮೀಟರ್ ದೋಣಿಯನ್ನು 10 ಸೆಕೆಂಡಿನಲ್ಲಿ ದಾಟಿದರೆ ವೇಗ 0.6. 90 ಸೆಕೆಂಡ್ ಎಳೆದರೆ 54 ಮೀಟರ್, ಬಾಯಿಯ 0.0707 ಚದರ ಮೀಟರಿನಿಂದ ಗುಣಿಸಿದರೆ 3.8 ಘನ ಮೀಟರ್ ನೀರು. ಬಲೆಯ ರಂಧ್ರಗಳು ಕಟ್ಟಿಕೊಂಡರೆ ಸೋಸಿದ್ದು ಇದಕ್ಕಿಂತ ಕಡಿಮೆ. ಅದಕ್ಕೇ ಹೊತ್ತು ಬೆಳೆಸುವುದಿಲ್ಲ. ಮಳೆಯ ಕೆಸರು ನೀರು, ಲೋಳೆ ಮೀನುಗಳ ಗುಂಪು, ಇವೆರಡೂ ಕಂಡರೆ ಬಲೆ ಇಳಿಸುವುದೇ ಇಲ್ಲ. ರಾತ್ರಿ ಪ್ರಾಣಿ ಪ್ಲಾಂಕ್ಟನ್ ಮೇಲಕ್ಕೆ ಬರುವುದರಿಂದ ಹಗಲಿನ ಮಾದರಿಯನ್ನು ರಾತ್ರಿಯದಕ್ಕೆ ಹೋಲಿಸಬಾರದು.

ಮೇಲೆತ್ತುವಾಗ ನಡುವೆ ನಿಲ್ಲಿಸಬೇಡಿ, ಸಿಕ್ಕಿದ್ದು ಬಾಯಿಯಿಂದ ಹಿಂದಕ್ಕೆ ಹೋಗುತ್ತದೆ. ಸಮುದ್ರದ ನೀರನ್ನೇ ಹೊರಗಿನಿಂದ ಎರಚಿ ತೊಳೆದು ಎಲ್ಲವನ್ನೂ ಬಾಲಕ್ಕೆ ಇಳಿಸಿ. ಒಳಗಿನಿಂದ ಎರಚಿದರೆ ಸೋಸದ ನೀರಿನ ಜೀವಿಗಳೂ ಲೆಕ್ಕಕ್ಕೆ ಸೇರುತ್ತವೆ. ಸಿಹಿನೀರು ತಾಗಿದರೆ ಬಹಳಷ್ಟು ಜೀವಿಗಳು ಉಬ್ಬಿ ಒಡೆಯುತ್ತವೆ.

ಜೀವಂತ ನೋಡುವುದಾದರೆ ಒಂದೆರಡು ಲೀಟರ್ ಸಮುದ್ರದ ನೀರಿಗೆ ಹರಡಿ, ನೆರಳಿನಲ್ಲಿ ಮುಚ್ಚಳ ತೆರೆದಿಟ್ಟು, ಎರಡು ಮೂರು ಗಂಟೆಯೊಳಗೆ ನೋಡಿ ಮುಗಿಸುತ್ತೇನೆ. ದಟ್ಟವಾಗಿದ್ದರೆ ಉಸಿರುಕಟ್ಟಿ ಸಾಯುತ್ತವೆ. ಸೂಕ್ಷ್ಮದರ್ಶಕದಲ್ಲಿ 20ರಿಂದ 40 ಪಟ್ಟು ಹಿಗ್ಗಿಸಿದರೆ ಸಾಕು. ಬೆಳಕು ಪಕ್ಕದಿಂದ, ಹಿನ್ನೆಲೆ ಕಪ್ಪು. ಕೋಪೆಪಾಡ್ ಝಟ್ಟನೆ ಜಿಗಿಯುತ್ತದೆ. ಬಂಡೆಗೆ ಅಂಟಿ ಬೆಳೆಯುವ ಬಾರ್ನಕಲ್ ಎಂಬ ಚಿಪ್ಪುಪ್ರಾಣಿಯ ಮರಿ ತ್ರಿಕೋನ, ಮುಂದೆ ಎರಡು ಕೊಂಬು. ಬಾಣಹುಳು ಗಾಜಿನ ಕಡ್ಡಿಯಂತೆ, ಅಲುಗಾಡುವವರೆಗೆ ಕಾಣಿಸದು. ಉದ್ದ ಮುಳ್ಳು, ದೊಡ್ಡ ಕಣ್ಣಿನ ಜೋಯಿಯಾವನ್ನು ಒಂದು ಕಾಲದಲ್ಲಿ ಬೇರೆಯೇ ಪ್ರಾಣಿ ಎಂದುಕೊಂಡಿದ್ದರು. ಅದು ಏಡಿಯ ಮರಿ ಎಂದು 1820ರ ದಶಕದಲ್ಲಿ ತೋರಿಸಿದ ಜಾನ್ ವಾನ್ ಥಾಂಪ್ಸನ್ ಬಳಸಿದ್ದೂ ಇಂಥದೇ ಬಲೆ.

ಎಣಿಸಬೇಕೆಂದರೆ ಮಾದರಿಯನ್ನು 500 ಮಿ.ಲೀ.ಗೆ ತಂದು, 8 ಎಂದು ಬರೆದ ಹಾಗೆ ಕಲಕಬೇಕು. ಸುತ್ತ ಕಲಕಿದರೆ ಭಾರದವು ನಡುವೆ ಗುಡ್ಡೆಯಾಗುತ್ತವೆ. ಪಿಪೆಟ್ಟಿನ ತುದಿಯನ್ನು 5 ಮಿ.ಮೀ. ಅಗಲಕ್ಕೆ ಕತ್ತರಿಸಿ, 5 ಮಿ.ಲೀ.ಯಂತೆ ಮೂರು ಸಲ ತೆಗೆದು, ತಳದಲ್ಲಿ ಚೌಕ ಗೀಚಿದ ಪೆಟ್ರಿ ತಟ್ಟೆಯಲ್ಲಿ ಎಣಿಸಿ. ಮೂರರಲ್ಲೂ ಸೇರಿ 120 ಕೋಪೆಪಾಡ್ ಸಿಕ್ಕಿದರೆ ಇಡೀ ಮಾದರಿಯಲ್ಲಿ 4,000, 3.8ರಿಂದ ಭಾಗಿಸಿ, ಘನ ಮೀಟರಿಗೆ ಸುಮಾರು 1,050. ಮುಖ್ಯ ಜೀವಿಗಳಲ್ಲಿ ನೂರಾದರೂ ಎಣಿಸದೆ ಈ ಲೆಕ್ಕ ಮಾಡಬೇಡಿ. ನೂರು ಎಣಿಸಿದರೂ ಶೇ. 10ರಷ್ಟು ಆಚೀಚೆ ಇದ್ದೇ ಇರುತ್ತದೆ.

ಮಾದರಿಯಲ್ಲಿ ಬಣ್ಣದ ಎಳೆ ಕಂಡರೆ ಮೈಕ್ರೋಪ್ಲಾಸ್ಟಿಕ್ ಎಂದು ಘೋಷಿಸುವ ಮೊದಲು ಸ್ವಂತ ಬಲೆಯನ್ನು ಅನುಮಾನಿಸಿ; ಅದೂ ಪ್ಲಾಸ್ಟಿಕ್ಕೇ, ಹಗ್ಗವೂ ಪ್ಲಾಸ್ಟಿಕ್ಕೇ, ಹಾಕಿಕೊಂಡ ಅಂಗಿಯೂ ಇರಬಹುದು. ಮೊದಲ ಎಳೆತಕ್ಕೆ ಮುಂಚೆ ಸೋಸಿದ ನೀರಿನಿಂದ ಬಲೆ ತೊಳೆದು ಆ ನೀರನ್ನೂ ನೋಡುತ್ತೇನೆ. ಅದರಲ್ಲಿ ಸಿಕ್ಕ ಎಳೆಗಳನ್ನು ಕೊನೆಯ ಲೆಕ್ಕದಿಂದ ಕಳೆಯಬೇಕು. ಕಾಯಿಸಿದ ಸೂಜಿ ತಾಗಿಸಿದರೆ ಪ್ಲಾಸ್ಟಿಕ್ ಸಾಮಾನ್ಯವಾಗಿ ಕರಗುತ್ತದೆ ಇಲ್ಲವೇ ಸುರುಳುತ್ತದೆ, ಪಾಚಿ ಹಾಗೆ ಮಾಡುವುದಿಲ್ಲ.

ನೋಡಿ ಮುಗಿದ ಜೀವಿಗಳು ಹಿಡಿದ ಜಾಗಕ್ಕೇ ವಾಪಸ್. ಸಂರಕ್ಷಿತ ಪ್ರದೇಶವಾದರೆ ಬಲೆ ಇಳಿಸಲೂ ಅನುಮತಿ ಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ. ಬಲೆಯನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸದೆ ಬೇರೆ ಕಡಲತೀರಕ್ಕೆ ಒಯ್ಯುವುದಿಲ್ಲ, ಒಂದು ಜಾಗದ ಮರಿಗಳು ಒದ್ದೆ ಮಡಿಕೆಯಲ್ಲಿ ಇನ್ನೊಂದು ಜಾಗಕ್ಕೆ ಹೋಗಿಬಿಡುತ್ತವೆ. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಸಣ್ಣ ತೂತಿಗೆ ಒಂದು ಬೊಟ್ಟು ಸಿಲಿಕೋನ್ ಸಾಕು, ಬೆರಳು ತೂರುವಂತಿದ್ದರೆ ತೇಪೆ ಹಾಕಬೇಕು.