ವೆಬ್‌ಮಿನ್, ಪಿಎಚ್‌ಪಿಮೈಅಡ್ಮಿನ್ ಎರಡನ್ನೂ ಬೀದಿಯಿಂದ ಒಳಗೆ ತಂದೆ

ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಕೂತು ಐದಾರು ಅಂಗಡಿಗಳ ಸರ್ವರ್ ನೋಡಿಕೊಳ್ಳುತ್ತೇನೆ. ದೊಡ್ಡ ಗಿರಾಕಿ ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿ. ಸರ್ವರ್ ನಡೆಸುವ ವೆಬ್‌ಮಿನ್, ಡೇಟಾಬೇಸ್ ನೋಡುವ ಪಿಎಚ್‌ಪಿಮೈಅಡ್ಮಿನ್, ಅವರ ಈ ಎರಡು ಅಡ್ಮಿನ್ ಪುಟಗಳು ಇಂಟರ್ನೆಟ್ಟಿಗೆ ತೆರೆದಿದ್ದವು. ಅವನ್ನು ವೈರ್‌ಗಾರ್ಡ್ ಅನ್ನುವ ವಿಪಿಎನ್ (ಕೀ ಇದ್ದವರಿಗಷ್ಟೇ ತೆರೆಯುವ ಖಾಸಗಿ ದಾರಿ) ಹಿಂದೆ ಹಾಕುತ್ತೇನೆ ಅಂದಾಗ ಜೊತೆಯವರು, "ದಿವಾನಜಿಗೆ ವಿಪಿಎನ್ ಹಚ್ಚಾಕ ಬರತೈತೇನ? ದಿನಾ ನಿನಗ ಫೋನ್" ಅಂದರು. ಒಂದೂವರೆ ವರ್ಷವಾಯಿತು, ಫೋನ್ ಬಂದದ್ದು ನಾಲ್ಕೈದು ಸಲ.

ಮೊದಲು ಮಾಡಿದ್ದೆಲ್ಲ ಕೈಕೊಟ್ಟಿತ್ತು. ವೆಬ್‌ಮಿನ್‌ನ 10000 ಪೋರ್ಟ್ ಬದಲಿಸಿದರೆ ವಾರದಲ್ಲೇ ಲಾಗಿನ್ ಪ್ರಯತ್ನ ಮತ್ತೆ ಶುರು. ತಪ್ಪು ಲಾಗಿನ್ ಮಾಡಿದ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್ ಹಾಕಿದರೆ ದಿವಾನಜಿ ತಪ್ಪು ಪಾಸ್‌ವರ್ಡ್ ಹಾಕಿ ಇಡೀ ಅಂಗಡಿಯೇ ಬ್ಯಾನ್. ಅಂಗಡಿಯ ಐಪಿಗಷ್ಟೇ ಬಿಡುವ ಪಟ್ಟಿ ಮಾಡಿದರೆ ಕರೆಂಟ್ ಹೋಗಿ ಬಂದಾಗ ಬ್ರಾಡ್‌ಬ್ಯಾಂಡಿನ ಐಪಿಯೇ ಬೇರೆ. ಒಮ್ಮೆ ಕ್ರಿಪ್ಟೊ ಮೈನರ್ (ನಮ್ಮ ಸರ್ವರ್ ದುಡಿಸಿ ಬೇರೆಯವರಿಗೆ ಕ್ರಿಪ್ಟೊ ಹಣ ಗಳಿಸಿಕೊಡುವ ಪ್ರೋಗ್ರಾಮ್) ಹೊಕ್ಕು ನನ್ನ ನಾಲ್ಕು ರಾತ್ರಿ, ಸುಮಾರು ಹದಿನೆಂಟು ಸಾವಿರ ರೂಪಾಯಿ ತಿಂದಿತು. ಗಟ್ಟಿ ಪಾಸ್‌ವರ್ಡ್ ಸಾಕು ಅನ್ನುವವರು 2019ರ ವೆಬ್‌ಮಿನ್ ಹಿಂಬಾಗಿಲು ನೆನಪಿಸಿಕೊಳ್ಳಲಿ. ಅಲ್ಲಿ ಪಾಸ್‌ವರ್ಡ್ ಇಲ್ಲದೆಯೇ ರೂಟ್, ಅಂದರೆ ಸರ್ವರಿನ ಪೂರ್ತಿ ಹಿಡಿತ, ಸಿಗುತ್ತಿತ್ತು.

ಪಿಎಚ್‌ಪಿಮೈಅಡ್ಮಿನ್ ಡಾಕರ್‌ನಲ್ಲಿತ್ತು (ಪ್ರೋಗ್ರಾಮನ್ನು ಬೇರೆ ಡಬ್ಬಿಯಲ್ಲಿಟ್ಟು ನಡೆಸುವ ಟೂಲ್). ಸರ್ವರಿನ ಫೈರ್‌ವಾಲ್ ಯುಎಫ್‌ಡಬ್ಲ್ಯು, ಅದರ 8080 ಪೋರ್ಟ್ ಬಂದ್ ಅಂತ ತೋರಿಸುತ್ತಿತ್ತು. ವೈಫೈ ತೆಗೆದು ಮೊಬೈಲ್ ಡೇಟಾದಲ್ಲಿ ನೋಡಿದರೆ ಲಾಗಿನ್ ಪುಟ ಕಣ್ಣೆದುರು! ಡಾಕರ್ ಯುಎಫ್‌ಡಬ್ಲ್ಯು ದಾಟಿ ತನ್ನದೇ ಫೈರ್‌ವಾಲ್ (ಐಪಿಟೇಬಲ್ಸ್) ನಿಯಮ ಬರೆದುಕೊಳ್ಳುತ್ತದೆ. ಆಮೇಲೆ ಎರಡೂ ಟೂಲ್‌ಗಳನ್ನು ಸರ್ವರಿನ ಒಳಗಷ್ಟೇ ಸಿಗುವ 127.0.0.1 ವಿಳಾಸಕ್ಕೆ ಕಟ್ಟಿ, ಅವುಗಳ ಮುಂದೆ ನಿಂತ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ಗೆ ವೈರ್‌ಗಾರ್ಡ್‌ನ 10.8.0.1 ವಿಳಾಸವನ್ನಷ್ಟೇ ಕೊಟ್ಟೆ. ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಟೆಂಡರ್ ದಿನ ಸರ್ವರ್ ರೀಬೂಟ್ ಆಯಿತು. ವೈರ್‌ಗಾರ್ಡ್ ಏಳುವ ಮೊದಲೇ ಎನ್‌ಜಿನ್‌ಎಕ್ಸ್ ಎದ್ದು, ಆ ವಿಳಾಸ ಸಿಗದೆ ಬಿದ್ದುಹೋಯಿತು. ಅದರ ಮೇಲೆಯೇ ನಡೆಯುತ್ತಿದ್ದ ಬಿಲ್ಲಿಂಗೂ ನಿಂತಿತು. ನಲವತ್ತು ನಿಮಿಷ ಅಂಗಡಿ ತುಂಬ ಚೀಲ, ಒಂದು ಬಿಲ್ಲೂ ಇಲ್ಲ. ಆ ತಿಂಗಳ ನನ್ನ ನಾಲ್ಕು ಸಾವಿರ ಬಿಟ್ಟುಕೊಟ್ಟೆ. ಯಾವ ಪ್ರೋಗ್ರಾಮ್ ಯಾವಾಗ ಏಳಬೇಕು ಅಂತ ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ಎನ್‌ಜಿನ್‌ಎಕ್ಸ್ ವೈರ್‌ಗಾರ್ಡ್ ನಂತರವೇ ಏಳಲಿ ಅಂತ ಎರಡು ಸಾಲು ಬರೆದ ಮೇಲೆ ಆ ತೊಂದರೆ ಬಂದಿಲ್ಲ. ವೈರ್‌ಗಾರ್ಡೇ ಏಳದಿದ್ದರೆ ಒಳಹೋಗಲು ಇನ್ನೊಂದು ದಾರಿ ಇಟ್ಟಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಗದಗಿನ ಒಂದು ಪ್ರೆಸ್ಸಿನ ಸರ್ವರಿನಲ್ಲಿ ಯಾರಿಗೂ ಹೇಳದ ಸಬ್‌ಡೊಮೈನ್ ಮಾಡಿ ನೋಡಿದೆ. ಅದಕ್ಕೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತೆಗೆದು ಅರ್ಧ ತಾಸಾಗಿರಲಿಲ್ಲ, ಹೊರಗಿನವರ ಬಡಿತ ಶುರು. ಸರ್ಟಿಫಿಕೇಟಿನ ಹೆಸರು ಸಾರ್ವಜನಿಕ ಲಾಗ್‌ಗೆ ಹೋಗುತ್ತದೆ. ಗುಟ್ಟಿನ ವಿಳಾಸ ನಂಬುವುದನ್ನು ಅವತ್ತೇ ಬಿಟ್ಟೆ.

ದಿವಾನಜಿಯ ಮೊಬೈಲಿಗೆ ಕ್ಯೂಆರ್ ತೋರಿಸಿ ವೈರ್‌ಗಾರ್ಡ್ ಹಾಕಿಕೊಟ್ಟಾಗ ಅವರು ಕೇಳಿದ್ದು ಒಂದೇ: "ಈ ಗುಂಡಿ ಸರಿಸಿದ್ರ ಆತೇನ್ರಿ?" ಆತು ಅಂದೆ. ಸಾವ್ಕಾರರಿಗೆ ಹೆಚ್ಚಿನ ಖರ್ಚು ಒಂದು ರೂಪಾಯಿಯೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೀ ಕೊಟ್ಟಿದ್ದೇನೆ. ದೀಪಾವಳಿಗೆ ಒಬ್ಬ ಹುಡುಗ ಕೆಲಸ ಬಿಟ್ಟ. ಅವನ ಕೀ ಅಳಿಸಿದೆ, ಎರಡು ನಿಮಿಷದ ಕೆಲಸ.