ಏರಿಯಾ ಸೇಫಾ? ತುಮಕೂರಲ್ಲಿ ಬಾಡಿಗೆ ಮನೆ ಹಿಡಿಯುವ ಮುಂಚೆ ಹೀಗೆ ನೋಡಿ

ತುಮಕೂರಲ್ಲಿ ಮನೆ ಹುಡುಕುವವರು ಬ್ರೋಕರ್‌ಗೆ ಕೇಳುವುದು ಮುಖ್ಯವಾಗಿ ಮೂರು ಪ್ರಶ್ನೆ. ನೀರು ಹೇಗೆ, ಅಡ್ವಾನ್ಸ್ ಎಷ್ಟು, ಏರಿಯಾ ಸೇಫಾ? ಮೊದಲ ಎರಡಕ್ಕೆ ಸ್ವಲ್ಪವಾದರೂ ನಿಜ ಸಿಗುತ್ತದೆ. ಮೂರನೆಯದಕ್ಕೆ ಮಾತ್ರ ಎಲ್ಲ ಕಡೆ ಒಂದೇ ಉತ್ತರ: ‘ಏನೂ ತೊಂದರೆ ಇಲ್ಲ ಸಾರ್, ಎಲ್ಲ ಫ್ಯಾಮಿಲಿಗಳೇ ಇರೋದು.’ ಎಸ್‌ಐಟಿ ಬಡಾವಣೆಯಲ್ಲೂ ಇದೇ, ಮರಳೂರಲ್ಲೂ ಇದೇ. ಹಾಗಾಗಿ ಇದನ್ನು ನೀವೇ ವಿಚಾರಿಸಿಕೊಳ್ಳಬೇಕು. ಅಡ್ವಾನ್ಸ್ ಕೊಡುವ ಮುಂಚೆ ಒಂದು ವಾರ ಟೈಮ್ ತಗೊಳ್ಳಿ, ಸಾಕು.

1. ಅಂಕಿಗಳನ್ನು ನೋಡಿ, ಆದರೆ ಜಾಸ್ತಿ ನಂಬಬೇಡಿ

ಅಪರಾಧ ದರ ಅಂದರೆ ಒಂದು ಲಕ್ಷ ಜನಕ್ಕೆ ಎಷ್ಟು ಕೇಸು ದಾಖಲಾಗಿವೆ ಅನ್ನುವ ಲೆಕ್ಕ. ಇದನ್ನು ಕೊಡುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಅದು ನಗರಗಳ ಲೆಕ್ಕವನ್ನು ಬೇರೆಯಾಗಿ ತೋರಿಸುವುದು 20 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳದ್ದು. ನಮ್ಮ ರಾಜ್ಯದಲ್ಲಿ ಅದು ಬೆಂಗಳೂರು ಮಾತ್ರ. 2011ರ ಜನಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ ಸುಮಾರು 3 ಲಕ್ಷ. ಹಾಗಾಗಿ ನಮಗೆ ಸಿಗುವುದು ಜಿಲ್ಲೆಯ ಲೆಕ್ಕ. ಜಿಲ್ಲೆ ಅಂದರೆ 10 ತಾಲ್ಲೂಕು. ಪಾವಗಡದ ಹೊಡೆದಾಟವೂ ಕುಣಿಗಲ್ಲಿನ ಕಳ್ಳತನವೂ ಸೇರಿದ ನಂಬರ್ ಇಟ್ಟುಕೊಂಡು ಅಶೋಕನಗರದ ಒಂದು ಬೀದಿ ಹೇಗಿದೆ ಅಂತ ಹೇಳಲಾಗುತ್ತದಾ?

ಇನ್ನೊಂದು ವಿಷಯ. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೂ ಬ್ಯೂರೊ ಎಣಿಸುವುದು ಎಲ್ಲಕ್ಕಿಂತ ದೊಡ್ಡದನ್ನು ಮಾತ್ರ. ದೂರು ಕೊಡದೇ ಇದ್ದದ್ದು ಲೆಕ್ಕಕ್ಕೇ ಬರುವುದಿಲ್ಲ. ಕೇಸು ಕಡಿಮೆ ಇರುವ ಕಡೆ ಕಳ್ಳತನವೇ ಕಡಿಮೆ ಇರಬಹುದು. ಅಥವಾ ‘ಹೋದದ್ದು ಹೋಯ್ತು, ಸ್ಟೇಷನ್ ಸಹವಾಸ ಯಾಕೆ’ ಅಂತ ಜನ ಸುಮ್ಮನಾಗಿರಲೂಬಹುದು.

2. ಠಾಣೆ ಯಾವುದು ಅಂತ ಪತ್ತೆ ಮಾಡಿ

ನಗರದಲ್ಲಿ ಟೌನ್, ತಿಲಕ್ ಪಾರ್ಕ್, ಹೊಸ ಬಡಾವಣೆ, ಜಯನಗರ, ಕ್ಯಾತ್ಸಂದ್ರ ಹೀಗೆ ಹಲವು ಠಾಣೆಗಳಿವೆ. ನೀವು ನೋಡಿದ ಮನೆ ಯಾವುದಕ್ಕೆ ಸೇರುತ್ತದೆ ಅಂತ ಪಕ್ಕದವರನ್ನೇ ಕೇಳಿ. ರಸ್ತೆಯ ಆಚೆ ಒಂದು ಠಾಣೆ, ಈಚೆ ಇನ್ನೊಂದು ಆಗಿರಬಹುದು.

ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಆನ್‌ಲೈನ್‌ಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಕೇಸುಗಳಿಗೆ ಮಾತ್ರ ವಿನಾಯಿತಿ. ರಾಜ್ಯ ಪೊಲೀಸ್ ವೆಬ್‌ಸೈಟ್‌ನಲ್ಲಿ ಠಾಣೆ, ಎಫ್‌ಐಆರ್ ನಂಬರ್, ವರ್ಷ ಹಾಕಿ ಹುಡುಕಬಹುದು. ಪ್ರತಿ ಠಾಣೆಯ ನಂಬರ್ ಜನವರಿಯಲ್ಲಿ 1ರಿಂದ ಶುರುವಾಗುತ್ತದೆ. ಈಗ ಎಷ್ಟಕ್ಕೆ ಬಂದಿದೆ ಅಂತ ನೋಡಿದರೆ ಈ ವರ್ಷದ ಒಟ್ಟು ಕೇಸು ಎಷ್ಟು ಅಂತ ಅಂದಾಜಾಗುತ್ತದೆ.

ಆದರೆ ಒಟ್ಟು ಎಷ್ಟು ಅನ್ನುವುದಕ್ಕಿಂತ ಯಾವ ಥರದ ಕೇಸು ಅನ್ನುವುದು ಮುಖ್ಯ. 2024ರ ಜುಲೈ 1ರಿಂದ ಹಳೇ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಎಫ್‌ಐಆರ್‌ನಲ್ಲಿ ಅದರ ಕಲಂ ನಂಬರ್ ನೋಡಿ. 303 ಅಂದರೆ ಕಳ್ಳತನ, 304 ಸರ ಕಿತ್ತುಕೊಂಡು ಹೋಗುವಂಥದ್ದು, 305ರಲ್ಲಿ ಮನೆಯೊಳಗಿನ ಕಳ್ಳತನ ಬರುತ್ತದೆ. ಜೊತೆಗೆ 331 ಇದ್ದರೆ ಬೀಗ ಒಡೆದು, ಕನ್ನ ಹಾಕಿ ನುಗ್ಗಿದ್ದಾರೆ ಅಂತ. ಬರೀ 303 ಕಾಣುತ್ತಿದೆ, ಓದಿದರೆ ಎಲ್ಲ ಬೈಕ್ ಕಳ್ಳತನ ಅಂದರೆ ಗೇಟಿನೊಳಗೆ ಪಾರ್ಕಿಂಗ್ ಇರುವ ಮನೆ ನೋಡಿ. 305, 331 ಜೊತೆಯಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಘಟನೆ ನಡೆದ ಜಾಗ, ಹೊತ್ತು ಎರಡನ್ನೂ ಬರೆದಿಟ್ಟುಕೊಳ್ಳಿ.

ಇನ್ನೂ ನಿಖರವಾಗಿ ಬೇಕಾದರೆ ಎಸ್‌ಪಿ ಕಚೇರಿಗೆ ಆರ್‌ಟಿಐ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಬಾಡಿಗೆಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಸೈಟ್ ಕೊಳ್ಳುವವರು ಮಾತ್ರ ಬಿಡಬೇಡಿ.

3. ರಾತ್ರಿ ಒಂದು ಸಲ ನಡೆದು ನೋಡಿ

ಭಾನುವಾರ ಬೆಳಿಗ್ಗೆ 11 ಗಂಟೆಗೆ ಎಲ್ಲ ಬೀದಿಯೂ ಚೆನ್ನಾಗಿಯೇ ಕಾಣುತ್ತದೆ. ವಾರದ ಮಧ್ಯೆ ಒಂದು ದಿನ, ಬೆಂಗಳೂರು ಕಡೆಯಿಂದ ಕೆಲಸದವರು ರೈಲಿಳಿದು ಮನೆಗೆ ಹೋಗುವ ಹೊತ್ತಿಗೆ ಹೋಗಿ. ಬಸ್ ಸ್ಟಾಪಿನಿಂದ ಆ ಮನೆಯವರೆಗೆ ನಡೆಯಿರಿ. ಯಾವ ಕಂಬದ ದೀಪ ಉರಿಯುತ್ತಿಲ್ಲ? ಖಾಲಿ ಸೈಟಿನಲ್ಲಿ ಗಿಡ ಎಷ್ಟು ಎತ್ತರ ಬೆಳೆದಿದೆ? ಅದರೊಳಗೆ ಬಾಟಲಿಗಳು ಬಿದ್ದಿವೆಯಾ? ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ರಾತ್ರಿ ಹತ್ತರವರೆಗೆ ಲೈಟ್ ಹಾಕಿಕೊಂಡು ಕೂತಿರುವ ಒಂದು ಬೇಕರಿ, ನನ್ನ ಪ್ರಕಾರ, ನಾಲ್ಕು ಸಿಸಿ ಕ್ಯಾಮೆರಾಕ್ಕಿಂತ ಮೇಲು. ಕ್ಯಾಮೆರಾ ರೆಕಾರ್ಡ್ ಮಾಡುತ್ತದೆ ಅಷ್ಟೇ, ಬೇಕರಿಯವರು ಕೂಗಿ ಕೇಳುತ್ತಾರೆ.

ಆಮೇಲೆ ಮಧ್ಯಾಹ್ನ 12ಕ್ಕೆ ಇನ್ನೊಂದು ಸಲ ಹೋಗಿ. ಇದನ್ನು ಯಾರೂ ಮಾಡುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೋ ವಸಂತನರಸಾಪುರಕ್ಕೋ ಕೆಲಸಕ್ಕೆ ಹೋಗುವ ಬೀದಿಗಳು ಹಗಲಿನಲ್ಲೇ ಖಾಲಿ. ಹತ್ತು ಗೇಟಿನಲ್ಲಿ ಏಳಕ್ಕೆ ಹೊರಗಡೆಯಿಂದ ಬೀಗ. ಮನೆಯಲ್ಲಿ ಜನ ಇಲ್ಲ ಅಂತ ಅದೇ ಸಾರಿ ಹೇಳುತ್ತದೆ. ಇಂಥ ಬೀದಿಯಲ್ಲಿ ಕೆಳಗಡೆ ಮಾಲೀಕರು ವಾಸ ಇರುವ ಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಹಿಡಿಯಿರಿ.

4. ಯಾರನ್ನು ಕೇಳಬೇಕು, ಏನು ಕೇಳಬೇಕು

ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರು, ಪಿಜಿಯಲ್ಲಿರುವ ಹುಡುಗಿಯರು. ‘ಏರಿಯಾ ಹೇಗೆ’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಾರೆ. ‘ಈ ಬೀದಿಯಲ್ಲಿ ಕೊನೆಯ ಸಲ ಕಳ್ಳತನ ಆಗಿದ್ದು ಯಾವಾಗ, ಯಾರ ಮನೆ, ಹೇಗೆ ನುಗ್ಗಿದ್ದರು’ ಅಂತ ಕೇಳಿ, ಕಥೆ ಬಿಚ್ಚಿಕೊಳ್ಳುತ್ತದೆ. ಬೆಳಿಗ್ಗೆ ರಂಗೋಲಿ ಹಾಕುವ ಹೆಂಗಸರನ್ನು ಸರಗಳ್ಳರ ಬಗ್ಗೆ ಕೇಳಿ. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವವರಿಗೆ ಬೇಕಾದದ್ದು ಖಾಲಿ ಬೀದಿ, ಪಕ್ಕದಲ್ಲೇ ಬಿಎಚ್ ರೋಡಿನಂಥ ದೊಡ್ಡ ರಸ್ತೆ.

ಒಂದು ಮಾತು ಖಾರವಾಗಿಯೇ ಹೇಳಬೇಕು. ‘ಆ ಕಡೆ ಬೇಡ ಬಿಡಿ, ಅಲ್ಲಿ ಜನ ಸರಿ ಇಲ್ಲ’ ಅಂತ ಯಾರಾದರೂ ಹೇಳಿದರೆ ‘ಏನಾಗಿತ್ತು’ ಅಂತ ತಿರುಗಿಸಿ ಕೇಳಿ. ಎಷ್ಟೋ ಸಲ ಏನೂ ಆಗಿರುವುದಿಲ್ಲ. ಅಲ್ಲಿ ಬಡವರೋ ಬೇರೆ ಜಾತಿ, ಧರ್ಮದವರೋ ಇರುತ್ತಾರೆ, ಅಷ್ಟೇ.

ಮಕ್ಕಳಿದ್ದರೆ ಸ್ಕೂಲಿಗೆ ಹೋಗುವ ದಾರಿಯಲ್ಲಿ ದೊಡ್ಡ ರಸ್ತೆ ದಾಟಬೇಕಾ ನೋಡಿ. 2022ರಲ್ಲಿ ರಾಜ್ಯದಲ್ಲಿ ಕೊಲೆ ಪ್ರಕರಣಗಳು ಸುಮಾರು 1,400. ರಸ್ತೆ ಅಪಘಾತದಲ್ಲಿ ಸತ್ತವರು 11 ಸಾವಿರಕ್ಕೂ ಜಾಸ್ತಿ.

5. ಮನೆ ಹಿಡಿದ ಮೇಲೆ

ಮೊದಲ ದಿನವೇ ಮುಂಬಾಗಿಲಿನ ಬೀಗ ಬದಲಿಸಿ. ಹಳೇ ಬಾಡಿಗೆದಾರರು ಎಷ್ಟು ಕೀ ಮಾಡಿಸಿದ್ದರೋ ಯಾರಿಗೆ ಗೊತ್ತು. ಕೀಯನ್ನು ಚಪ್ಪಲಿ ಸ್ಟ್ಯಾಂಡಿನಲ್ಲೋ ಹೂಕುಂಡದ ಕೆಳಗೋ ಇಡುವ ಅಭ್ಯಾಸ ಬಿಡಿ, ಕಳ್ಳರು ಮೊದಲು ಕೈ ಹಾಕುವುದೇ ಅಲ್ಲಿಗೆ. ಯುಗಾದಿಗೋ ದಸರೆಗೋ ಊರಿಗೆ ಹೋಗುವಾಗ ಹಾಲು, ಪೇಪರ್ ನಿಲ್ಲಿಸಿ, ಪಕ್ಕದವರಿಗೆ ಬಾಗಿಲು ಸಾರಿಸಲು ಹೇಳಿ, ಠಾಣೆಗೂ ತಿಳಿಸಿ. 2025ರ ಜುಲೈನಲ್ಲಿ ರಾಜ್ಯದಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಗಿದೆ. ನಿಮ್ಮ ಬೀದಿಗೆ ಬರುವ ಪೊಲೀಸರ ಹೆಸರು, ನಂಬರ್ ಕೇಳಿ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಒಡವೆಗಳ ಫೋಟೊ, ಬಿಲ್ಲು, ಮೊಬೈಲಿನ ಐಎಂಇಐ ಸಂಖ್ಯೆ (ಆ ಫೋನಿನ ಗುರುತಿನ ನಂಬರ್) ಒಂದು ಕಡೆ ಇರಲಿ.

ಅಷ್ಟಾಗಿಯೂ ಏನಾದರೂ ಆದರೆ 112ಕ್ಕೆ ಫೋನ್ ಮಾಡಿ. ಪೊಲೀಸರು ಬರುವವರೆಗೆ ಬೀರು, ಬಾಗಿಲು ಮುಟ್ಟಬೇಡಿ. ‘ಇದು ನಮ್ಮ ಠಾಣೆ ಅಲ್ಲ’ ಅಂತ ಯಾರಾದರೂ ಅಂದರೆ ಝೀರೋ ಎಫ್‌ಐಆರ್ (ಘಟನೆ ಬೇರೆ ಠಾಣೆ ವ್ಯಾಪ್ತಿಯದಾದರೂ ದಾಖಲಿಸುವ ಎಫ್‌ಐಆರ್) ಮಾಡಿ ಅಂತ ಕೇಳಿ, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಎದುರು ಮನೆಯ ಕ್ಯಾಮೆರಾದ ರೆಕಾರ್ಡಿಂಗ್ ಅವತ್ತೇ ತೆಗೆಸಿಡಿ. ಕೆಲವು ದಿನ ಆದ ಮೇಲೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ.